‘ಡ್ರಿಲ್ ಕಮ್ ಮಿಲ್ಲಿಂಗ್’ ಅಂದರೆ ಮೊದಲು ಡ್ರಾ ಬಾರ್ ತೋರಿಸಿ ಅನ್ನಿ

ಉಡುಪಿ, ಮಂಗಳೂರು ಕಡೆ ಅಲ್ಯೂಮಿನಿಯಂ ಕೆಲಸಕ್ಕೆ ಕಡಿಮೆ ರೇಟಿನ ಸಣ್ಣ ಮಿಲ್ಲಿಂಗ್ ಮೆಷಿನ್ (ತಿರುಗುವ ಕಟರಿನಿಂದ ಲೋಹವನ್ನು ಅಡ್ಡಕ್ಕೆ ಕೆತ್ತುವ ಮೆಷಿನ್) ಹುಡುಕುತ್ತಿರುವವರು ದಯವಿಟ್ಟು ಓದಿ. 38,000 ರೂಪಾಯಿ ಹೋಗಿದೆ ನನ್ನದು. ಮಿಲ್ಲಿಂಗ್ ಮೆಷಿನ್ ಅಂತ ಹೇಳಿ ಕೊಟ್ಟದ್ದು ಡ್ರಿಲ್ಲಿಂಗ್ ಮೆಷಿನ್. ಬರೀ ಡ್ರಿಲ್ಲಿಂಗ್ ಮೆಷಿನ್, ಅದರ ಕೆಳಗೆ ಒಂದು ಕ್ರಾಸ್ ವೈಸ್, ಅಂದರೆ ಪ್ಲೇಟ್ ಹಿಡಿದು ಹ್ಯಾಂಡಲಿನಿಂದ ಆಚೆ ಈಚೆ ಸರಿಸುವ ಇಕ್ಕಳ. ಕಟರನ್ನು ಮೇಲಿನಿಂದ ಎಳೆದು ಹಿಡಿಯುವ ಸರಳು, ಅದೇ ಡ್ರಾ ಬಾರ್, ಇಲ್ಲವೇ ಇಲ್ಲ. ಅಷ್ಟೇ.

ಮಣಿಪಾಲದ ಹತ್ತಿರ ನನ್ನದೊಂದು ಸಣ್ಣ ವರ್ಕ್‌ಶಾಪ್. ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟಿಗೆ ಮೋಟಾರ್ ಕೂರಿಸುವ ಪ್ಲೇಟ್, ಬ್ರಾಕೆಟ್, ಇಂಥ ಚಿಲ್ಲರೆ ಕೆಲಸ. ಒಂದು ಸ್ಲಾಟ್ (ಉದ್ದದ ಸೀಳು) ಹೊಡೆಯಬೇಕಾದರೂ ಬೈಕಂಪಾಡಿ ಇಂಡಸ್ಟ್ರಿಯಲ್ ಏರಿಯಾಕ್ಕೆ ಓಡಬೇಕಿತ್ತು. ಮೇಜಿನ ಮೇಲಿಡುವ ಸಣ್ಣ ಮಿಲ್ಲಿಂಗ್ ಮೆಷಿನ್ನಿಗೆ ಕೇಳಿದ ಕಡೆಯೆಲ್ಲ ಲಕ್ಷದ ಮೇಲೆ ಹೇಳಿದರು. ಆಗ ಮಂಗಳೂರಿನ ಒಂದು ಅಂಗಡಿಯವರು, "ಅಷ್ಟೆಲ್ಲ ಯಾಕೆ ಮಾರಾಯ್ರೇ, ಡ್ರಿಲ್ ಕಮ್ ಮಿಲ್ಲಿಂಗ್ ಉಂಟು. ಅಲ್ಯೂಮಿನಿಯಂ ಅಲ್ವಾ, ಬೆಣ್ಣೆ ಕಟ್ ಮಾಡಿದ ಹಾಗೆ ಆಗ್ತದೆ" ಅಂದರು. ನಾನು ಬಾಯಿಬಿಟ್ಟೇ ಕೇಳಿದ್ದೆ: 6061 (ಅಲ್ಯೂಮಿನಿಯಂನ ಒಂದು ಗ್ರೇಡ್) ಪ್ಲೇಟಿನಲ್ಲಿ 6 ಎಂಎಂ ಸ್ಲಾಟ್ ಆಗುತ್ತದಾ? "ಧಾರಾಳ ಆಗ್ತದೆ." ವಾಟ್ಸ್ಯಾಪ್‌ನಲ್ಲಿ ಫೋಟೋ ಬಂತು, ದಪ್ಪ ಡವ್‌ಟೇಲ್ ಕಾಲಂ (ಹೆಡ್ ಪಕ್ಕಕ್ಕೆ ತಿರುಗದಂತೆ ಓರೆ ಅಂಚಿನ ಕಂಬ) ಇರುವ ಚಂದದ ಮೆಷಿನ್. ಅಡ್ವಾನ್ಸ್ ಪೂರ್ತಿ ತೆಗೆದುಕೊಂಡ ಮೇಲೆ ಟೆಂಪೋದಲ್ಲಿ ಬಂದದ್ದರ ಕಾಲಂ ಉರುಟು ಪೈಪ್. ಹೆಡ್ ಮೇಲೆ ಕೆಳಗೆ ಮಾಡಿದರೆ ಪಕ್ಕಕ್ಕೆ ತಿರುಗಿ ಸೆಟ್ಟಿಂಗ್ ಪೂರಾ ಹೋಗುತ್ತದೆ. "ಹೊಸ ಮಾಡೆಲ್ ಸಾರ್" ಅಂದರು ಫೋನಿನಲ್ಲಿ.

ಜೊತೆಗೆ ಎಂಡ್ ಮಿಲ್ ಸೆಟ್ ಫ್ರೀ. ನಾಲ್ಕು ಹಲ್ಲಿನ, ಕಬ್ಬಿಣಕ್ಕೆ ಹಾಕುವ ಕಟರ್‌ಗಳು. ಅಲ್ಯೂಮಿನಿಯಂಗೆ ಎರಡು ಅಥವಾ ಮೂರು ಹಲ್ಲಿನದು ಬೇಕು, ಚಿಪ್ಸ್ ಹೊರಗೆ ಬರಲು ಜಾಗ ಇರಬೇಕಲ್ಲ. ಸೀಮೆಎಣ್ಣೆ ಬಿಟ್ಟರೂ ಚಿಪ್ಸ್ ಬಿಸಿಗೆ ಹಲ್ಲಿನ ಸಂದಿಯಲ್ಲೇ ಮೆತ್ತಿಕೊಂಡಿತು. ಹೋಗಲಿ ಅಂತ ನನ್ನ ದುಡ್ಡಲ್ಲೇ ಬೇರೆ ತಂದೆ.

ಆಮೇಲೆ ಆದದ್ದು ಕೇಳಿ. ಹೊಸ ಎರಡು ಹಲ್ಲಿನ ಕಟರ್, ಅರ್ಧ ಎಂಎಂ ಡೆಪ್ತ್ ಮಾತ್ರ. ಪ್ಲೇಟ್ ಆರ್ಡರ್ ಕೊಟ್ಟ ಹುಡುಗರೇ ಎದುರಿಗೆ ನಿಂತಿದ್ದಾರೆ. ಸ್ಲಾಟ್ ಅರ್ಧಕ್ಕೆ ಬಂದಿತ್ತು. ಗರಗರ ಶಬ್ದ ಶುರುವಾಯಿತು. ನೋಡುವಷ್ಟರಲ್ಲಿ ಕಟರ್ ಹಿಡಿದಿದ್ದ ಚಕ್ಕೇ ಕಳಚಿಕೊಂಡು, ತಿರುಗುತ್ತಲೇ ಪ್ಲೇಟಿನ ಮೇಲೆ ಬಿತ್ತು. ಕಟರ್ ತುಂಡು. ಪ್ಲೇಟಿನ ತುಂಬ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು. ಯಾರ ಕೈಗೂ ಏನೂ ಆಗಲಿಲ್ಲ, ಅದೇ ಪುಣ್ಯ. ಒಬ್ಬ ಹುಡುಗ ಬಗ್ಗಿ ಸ್ಪಿಂಡಲ್ (ಚಕ್ ಕೂರಿಸಿ ತಿರುಗಿಸುವ ದಂಡ) ನೋಡಿ, "ಅಂಕಲ್, ಇದಕ್ಕೆ ಡ್ರಾ ಬಾರೇ ಇಲ್ಲ ಅಲ್ವಾ?" ಅಂದ. ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ! ನಾನು ಮುಖ ಎಲ್ಲಿಡಲಿ ಹೇಳಿ.

ಡ್ರಿಲ್ಲಿಂಗ್ ಮೆಷಿನ್ನಿನಲ್ಲಿ ಚಕ್ ಟೇಪರ್ (ತುದಿಗೆ ಸಣ್ಣಗಾಗುವ ದಂಡ) ಮೇಲೆ ಸುಮ್ನೆ ಒತ್ತಿ ಕೂತಿರುತ್ತದೆ. ತೂತು ಹಾಕುವಾಗ ಒತ್ತಡ ಮೇಲಕ್ಕೆ, ಹಾಗಾಗಿ ಅದು ಇನ್ನೂ ಬಿಗಿಯಾಗುತ್ತದೆ. ಎಂಡ್ ಮಿಲ್ ಹಾಕಿದರೆ ತಳ್ಳುವುದು ಅಡ್ಡಕ್ಕೆ, ಅದು ಸಾಲದೆ ಕಟರಿನ ಸುರುಳಿ ಬೇರೆ ಕೆಳಕ್ಕೆ ಎಳೆಯುತ್ತದೆ. ಟೇಪರ್ ಬಿಡದೆ ಇನ್ನೇನು? ನಿಜವಾದ ಮಿಲ್ಲಿಂಗ್ ಮೆಷಿನ್ನಿನಲ್ಲಿ, ಟೇಪರ್ ಆರ್8 ಮಾದರಿಯದಾಗಲಿ ಎಂಟಿ3 ಆಗಲಿ, ಮೇಲಿನಿಂದ ಉದ್ದದ ಡ್ರಾ ಬಾರ್ ಕಟರ್ ಹಿಡಿಯುವ ಕಾಲೆಟನ್ನು ಎಳೆದು ಹಿಡಿದಿರುತ್ತದೆ. ಬೇರಿಂಗ್ ಕೂಡ ಅಡ್ಡ ಲೋಡ್ ತಡೆಯುವಂಥದ್ದು. ಇದು ಅಂಗಡಿಯವರಿಗೆ ಗೊತ್ತಿಲ್ಲವಾ? ಚೆನ್ನಾಗಿ ಗೊತ್ತು.

ಫೋನ್ ಮಾಡಿದೆ. "ನೀವು ಡೆಪ್ತ್ ಜಾಸ್ತಿ ಕೊಟ್ಟಿರಬೇಕು." ಅರ್ಧ ಎಂಎಂ ಜಾಸ್ತಿಯಂತೆ! ಮತ್ತೆ ಮಾಡಿದೆ. "ಚಕ್ಕಿಗೆ ಸ್ವಲ್ಪ ಗಮ್ ಹಾಕಿ ನೋಡಿ ಸಾರ್." ತಿರುಗುವ ಚಕ್ಕಿಗೆ ಗಮ್! "ಉಳಿದವರೆಲ್ಲ ಕೆಲಸ ಮಾಡ್ತಾ ಇದ್ದಾರೆ, ನಿಮಗೆ ಮಾತ್ರ ಎಂತ ಕಂಪ್ಲೇಂಟ್?" ಕೊನೆಗೆ ಅಂಗಡಿಗೇ ಹೋದೆ. ಕೌಂಟರಿನಿಂದ ತಲೆ ಎತ್ತದೆ, "ಬಿಲ್ ತೆಗೆದು ನೋಡಿ, ಮಿಲ್ಲಿಂಗ್ ಅಂತ ಎಲ್ಲಿ ಬರೆದದ್ದುಂಟು?" ಅಂದರು. ಬಿಲ್ ತೆಗೆದೆ. ಬೆಂಚ್ ಡ್ರಿಲ್ 16 ಎಂಎಂ, 1. ಕ್ರಾಸ್ ವೈಸ್, 1. ಕೆಳಗೆ, ಮಾರಿದ ಮಾಲು ವಾಪಸ್ ಇಲ್ಲ. ಬಾಯಲ್ಲಿ ಮಿಲ್ಲಿಂಗ್, ಬಿಲ್ಲಲ್ಲಿ ಡ್ರಿಲ್. ಮೊದಲೇ ಲೆಕ್ಕ ಹಾಕಿ ಮಾಡಿದ್ದು ಇದು. ಅಲ್ಲಿ ಇನ್ನೂ ಇಬ್ಬರು ಗಿರಾಕಿಗಳು ನಿಂತು ನನ್ನನ್ನೇ ನೋಡುತ್ತಿದ್ದರು.

ಡ್ರಿಲ್ ಕಮ್ ಮಿಲ್ಲಿಂಗ್ ಎಲ್ಲವೂ ಮೋಸ ಅಲ್ಲ, ಡ್ರಾ ಬಾರ್ ಇರುವ ಒಳ್ಳೆಯವೂ ಇವೆ. ಆದರೆ ಫೋಟೋ ನಂಬಬೇಡಿ. ಸ್ಪಿಂಡಲಿನ ಮೇಲಿನ ಮುಚ್ಚಳ ತೆಗೆಸಿ ಡ್ರಾ ಬಾರ್ ಬೋಲ್ಟ್ ಕಣ್ಣಾರೆ ನೋಡಿ. ಟೇಬಲ್ ಹ್ಯಾಂಡಲ್ ಆಚೆ ಈಚೆ ತಿರುಗಿಸಿ ಪ್ಲೇ (ಸಡಿಲ) ಎಷ್ಟಿದೆ ನೋಡಿ, ನನ್ನದರಲ್ಲಿ ಕಾಲು ಸುತ್ತು ತಿರುಗಿದರೂ ವೈಸ್ ಅಲುಗಾಡುವುದಿಲ್ಲ. ಪ್ಲೇಟ್ ನೀವೇ ಒಯ್ದು ಅವರ ಕೈಯಲ್ಲೇ ಒಂದು ಸ್ಲಾಟ್ ಹೊಡೆಸಿ. ಬಿಲ್ಲಿನಲ್ಲಿ ಮಿಲ್ಲಿಂಗ್ ಮೆಷಿನ್ ಅಂತ ಬರೆಯಲು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ವರ್ಕ್‌ಶಾಪಿಗೆ ತೆಗೆದುಕೊಂಡದ್ದು, ನೀವು ಗ್ರಾಹಕರಲ್ಲ ಅಂತ ಅಂಗಡಿಯವರು ಈಗ ಹೊಸ ರಾಗ ತೆಗೆದಿದ್ದಾರೆ. ಸ್ವಂತ ದುಡಿಮೆಯಲ್ಲಿ ಹೊಟ್ಟೆ ಹೊರೆಯಲು ತೆಗೆದುಕೊಂಡವರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರೇ. ಅವರ ವಾಟ್ಸ್ಯಾಪ್ ಮೆಸೇಜು, ಆ ಫೋಟೋ, ಎಲ್ಲ ಇಟ್ಟುಕೊಂಡಿದ್ದೇನೆ. ದೂರು ನಡೆಯುತ್ತಿರುವುದರಿಂದ ಅಂಗಡಿ ಹೆಸರು ಇಲ್ಲಿ ಹಾಕುವುದಿಲ್ಲ, ಕೇಳಬೇಡಿ.