ಪೆರ್ಮ್-36 ವಸ್ತುಸಂಗ್ರಹಾಲಯ: ಗೋಡೆಗಳು ಹೇಳುವಷ್ಟು ಫಲಕಗಳು ಹೇಳುವುದಿಲ್ಲ

ರಷ್ಯದ ಉರಲ್ ಸೀಮೆಯಲ್ಲಿ, ಪೆರ್ಮ್ ನಗರದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಕುಚಿನೊ ಹಳ್ಳಿಯಲ್ಲಿರುವ ಈ ವಸ್ತುಸಂಗ್ರಹಾಲಯವನ್ನು ನೋಡಬೇಕೆನ್ನುವವರು ಒಂದು ಇಡೀ ದಿನವನ್ನು ಮೀಸಲಿಡಬೇಕು. 1946ರಲ್ಲಿ ಕೈದಿಗಳಿಂದ ಮರ ಕಡಿಸಲೆಂದು ಇಲ್ಲಿ ಆರಂಭವಾದ ಸೋವಿಯತ್ ಸೆರೆಶಿಬಿರ, 1972ರಿಂದ 1980ರ ದಶಕದ ಕೊನೆಯವರೆಗೆ ರಾಜಕೀಯ ಕೈದಿಗಳ ಸೆರೆಯಾಗಿ ನಡೆಯಿತು. ಸ್ಟಾಲಿನ್ ಕಾಲದ ಶಿಬಿರಗಳಲ್ಲಿ ಬಹುಪಾಲು ಕಾಡಿನಲ್ಲಿ ಕೊಳೆತು ಹೋಗಿರುವಾಗ, ಇಲ್ಲಿ ಮರದ ಬ್ಯಾರಕ್ಕುಗಳು ಇನ್ನೂ ನಿಂತಿರುವುದೇ ಈ ಸ್ಥಳದ ಹೆಗ್ಗಳಿಕೆ. ಬೇಲಿಗಳಲ್ಲಿ ಕೆಲವು ಮಾತ್ರ ಶಿಬಿರ ಮುಚ್ಚಿದ ಮೇಲೆ ಕೆಡವಲ್ಪಟ್ಟು, ಮುಂದೆ ಮರಳಿ ಕಟ್ಟಿದವು.

ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು 1980ರಲ್ಲಿ ತೆರೆದ ಕಠಿಣ ಶಿಕ್ಷೆಯ ವಿಭಾಗ. ಪಟ್ಟೆ ಬಟ್ಟೆಯ ಕೈದಿಗಳು ಹಗಲಿರುಳೂ ಕೋಣೆಗಳೊಳಗೇ ಇರುತ್ತಿದ್ದರು. ಮಲಗುವ ಕೋಣೆಯಿಂದ ದುಡಿಯುವ ಕೋಣೆಗೆ ಓಣಿ ದಾಟಿದರಾಯಿತು. ಗಾಳಿ ಸೇವನೆಗಿದ್ದ ಅಂಗಳವೆಂದರೆ ತಗಡು ಹೊದಿಸಿದ ಗೋಡೆಗಳ, ಸುಮಾರು ಎರಡು ಮೀಟರ್ ಉದ್ದಗಲದ ಪೆಟ್ಟಿಗೆ, ತಲೆಯ ಮೇಲೆ ಮುಳ್ಳುತಂತಿಯ ಜಾಲ. ಕೆಲಸವೋ, ವಿದ್ಯುತ್ ಇಸ್ತ್ರಿಪೆಟ್ಟಿಗೆಯ ತಂತಿಗೆ ಸಣ್ಣ ಬಿಡಿಭಾಗಗಳನ್ನು ತಿರುಪು ಹಾಕಿ ಜೋಡಿಸುವುದು. ಮರ ಕಡಿಯುವುದಕ್ಕಿಂತ ಇದು ಹಗುರವೆಂದು ತೋರಬಹುದು (ನನಗೂ ಮೊದಲು ಹಾಗೆಯೇ ತೋರಿತು), ಆದರೆ ನಿಗದಿತ ಲೆಕ್ಕ ಮುಟ್ಟದಿದ್ದರೆ ಮನೆಯವರ ಭೇಟಿ ರದ್ದಾಗುತ್ತಿತ್ತು, ಇಲ್ಲವೇ ದಂಡನೆಯ ಕೋಣೆಗೆ ತಳ್ಳುತ್ತಿದ್ದರು. ಅಲ್ಲಿ ಬಿಸಿ ಊಟ ದಿನ ಬಿಟ್ಟು ದಿನ. ಉಕ್ರೇನಿನ ಕವಿ ವಸಿಲ್ ಸ್ಟುಸ್ 1985ರ ಸೆಪ್ಟೆಂಬರ್ 4ರಂದು ತೀರಿಕೊಂಡದ್ದು ಅಂಥದೊಂದು ಕೋಣೆಯಲ್ಲಿ. ಅವರು ಇಲ್ಲಿ ಬರೆದ ಕವಿತೆಗಳನ್ನು ಅಧಿಕಾರಿಗಳು ಕಿತ್ತುಕೊಂಡರು. ಅವುಗಳಲ್ಲಿ ಹೆಚ್ಚಿನವು ಮರಳಿ ಸಿಗಲಿಲ್ಲ.

1990ರ ದಶಕದಲ್ಲಿ ಇತಿಹಾಸಕಾರರು ಸ್ವಯಂಸೇವಕರೊಂದಿಗೆ ಸೇರಿ ಕಟ್ಟಿದ ಈ ಸಂಸ್ಥೆಯ ಆಡಳಿತವನ್ನು 2014ರಲ್ಲಿ ಪ್ರಾಂತೀಯ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ಸ್ಥಾಪಕರು ಹೊರನಡೆದ ಬಳಿಕ ಪ್ರದರ್ಶನದ ಒತ್ತು ಮರದ ಉತ್ಪಾದನೆಯತ್ತ, ಕಾವಲಿನ ವ್ಯವಸ್ಥೆಯತ್ತ ವಾಲಿತೆಂಬ ಟೀಕೆ ರಷ್ಯದೊಳಗಿಂದಲೇ ಬಂದಿದೆ. ಕೈದಿ ಎಷ್ಟು ಘನಮೀಟರ್ ಮರ ಕಡಿದನೆಂಬುದನ್ನು ಹೇಳಿ, ಅವನನ್ನು ಏಕೆ ತಂದರೆಂಬುದನ್ನು ಮೆಲ್ಲಗೆ ದಾಟಿಸುವ ವಿವರಣೆ ಸುಳ್ಳಲ್ಲದಿದ್ದರೂ ಅರೆಬರೆ ಎಂದೇ ನನ್ನ ಎಣಿಕೆ.

ಆದರೂ ಹೋಗಬೇಡಿ ಎನ್ನಲಾರೆ. ಸ್ಟುಸ್, ಉಕ್ರೇನಿನ ಸ್ವಾತಂತ್ರ್ಯ ಹೋರಾಟಗಾರ ಲೆವ್ಕೊ ಲುಕ್ಯಾನೆಂಕೊ, ರಷ್ಯದ ಮಾನವ ಹಕ್ಕು ಹೋರಾಟಗಾರ ಸೆರ್ಗೆಯ್ ಕವಲ್ಯೋವ್ ಇಂಥ ಕೈದಿಗಳು ಯಾರು, ಯಾವ ಬರಹಕ್ಕೆ, ಯಾವ ಮಾತಿಗೆ ಇಲ್ಲಿಗೆ ಬಂದರು ಎಂಬುದನ್ನು ಓದಿಕೊಂಡು ಹೋದರೆ, ತಗಡಿನ ಆ ಅಂಗಳಕ್ಕೆ ಫಲಕದ ಅಗತ್ಯವಿರುವುದಿಲ್ಲ.