ಟೈಫಾಯ್ಡ್ ಲಸಿಕೆ: ಹಳೆಯದೋ, ಕಾಂಜುಗೇಟ್ ಲಸಿಕೆಯೋ?

ಟ್ಯಾಂಕರ್ ನೀರನ್ನೂ ರಸ್ತೆಬದಿಯ ಪಾನಿಪುರಿಯನ್ನೂ ಪೂರ್ತಿಯಾಗಿ ತಪ್ಪಿಸಿ ಬೆಂಗಳೂರಿನಲ್ಲಿ ಮಕ್ಕಳನ್ನು ಬೆಳೆಸುವುದು ಕಷ್ಟವಾದ್ದರಿಂದ, ಕಲುಷಿತ ನೀರು-ಆಹಾರದಿಂದ ಹರಡುವ ಟೈಫಾಯ್ಡ್‌ಗೆ ಹಳೆಯ ಪಾಲಿಸ್ಯಾಕರೈಡ್ ಮತ್ತು ಕಾಂಜುಗೇಟ್ ಎಂಬ ಎರಡರಲ್ಲಿ ಯಾವ ಲಸಿಕೆ ಹಾಕಿಸಬೇಕೆಂದು ತಂದೆತಾಯಿಯರು ಕೇಳುವುದು ಸಹಜ.

ಹಳೆಯ ವಿಐ ಪಾಲಿಸ್ಯಾಕರೈಡ್ ಲಸಿಕೆಯಲ್ಲಿರುವುದು ಬ್ಯಾಕ್ಟೀರಿಯಾದ ಹೊರಕವಚದ ಸಕ್ಕರೆ ಸರಪಳಿ ಮಾತ್ರ. ಅದನ್ನು ಗುರುತಿಸಿದ ಬಿ ಕೋಶಗಳು (ರಕ್ಷಣೆಗೆ ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳು) ಟಿ ಕೋಶಗಳ (ಅವುಗಳಿಗೆ ನೆರವಾಗುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು) ನೆರವಿಲ್ಲದೆಯೇ ಪ್ರತಿಕಾಯಗಳನ್ನು, ಅಂದರೆ ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನುಗಳನ್ನು, ತಯಾರಿಸುತ್ತವೆಯಾದರೂ, ರೋಗಾಣುವನ್ನು ನೆನಪಿಟ್ಟುಕೊಳ್ಳುವ ನೆನಪಿನ ಕೋಶಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ. ಹಾಗಾಗಿ 3 ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು, 2 ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡುವುದೇ ಇಲ್ಲ.

ಕಾಂಜುಗೇಟ್ ಲಸಿಕೆಯಲ್ಲಿ ಅದೇ ಸಕ್ಕರೆಯನ್ನು ಟೆಟನಸ್ ಟಾಕ್ಸಾಯ್ಡ್‌ನಂತಹ (ನಿರಪಾಯಗೊಳಿಸಿದ ಟೆಟನಸ್ ವಿಷ) ಪ್ರೋಟೀನಿಗೆ ಬೆಸೆದಿರುತ್ತಾರೆ. ಬಿ ಕೋಶವು ಎರಡನ್ನೂ ಒಟ್ಟಿಗೆ ಒಳಗೆಳೆದುಕೊಂಡು, ಪ್ರೋಟೀನಿನ ತುಣುಕನ್ನು ಟಿ ಕೋಶಕ್ಕೆ ತೋರಿಸಿ, ಅದರ ಸಹಾಯದಿಂದ ಸಕ್ಕರೆಯ ವಿರುದ್ಧವೇ ಬಲವಾದ ಪ್ರತಿಕಾಯಗಳನ್ನೂ ನೆನಪಿನ ಕೋಶಗಳನ್ನೂ ಹುಟ್ಟುಹಾಕುತ್ತದೆ; ಈ ಬೆಸುಗೆಯ ಹಿಂದಿನ ಜಾಣ್ಮೆ ನಿಜಕ್ಕೂ ಮೆಚ್ಚುವಂಥದ್ದು. 6 ತಿಂಗಳ ಮಗುವಿಗೂ ಒಂದೇ ಡೋಸ್ ಕೊಡಬಹುದು, ರಕ್ಷಣೆಯೂ ಹೆಚ್ಚು ಕಾಲ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದಕ್ಕೇ ಆದ್ಯತೆ ನೀಡಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನನ್ನ ಸಲಹೆಯೂ ಇದೇ.

ಒಮ್ಮೆ ಟೈಫಾಯ್ಡ್ ಬಂದುಹೋದವರಿಗೆ ಲಸಿಕೆ ಬೇಡವೆಂಬ ನಂಬಿಕೆ ಮಾತ್ರ ಸರಿಯಲ್ಲ: ಕಾಯಿಲೆಯಿಂದ ದೊರೆಯುವ ರೋಗನಿರೋಧಕ ಶಕ್ತಿ ಅಪೂರ್ಣವಾದದ್ದು, ಅಂಥವರಿಗೆ ಮತ್ತೆ ಸೋಂಕು ತಗಲುವುದುಂಟು.