ಜಿ ಕಾರ್ಡಿನ ಮೇಲೆ ಬಿದ್ದ ಗೆರೆ

ಮೊದಲೇ ಹೇಳಿಬಿಡುತ್ತೇನೆ: ಗಿಟಾರ್ ಕಾರ್ಡ್‌ಗಳ, ಅಂದರೆ ಹಲವು ತಂತಿ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಚಿತ್ರ ಬರೆಯಲು ಈಗ ನಾನು ಬಳಸುವುದು ಲಿಲಿಪಾಂಡ್ ಎಂಬ ತಂತ್ರಾಂಶ. ಉಚಿತವಾಗಿ ಸಿಗುತ್ತದೆ ಎಂದು ಅದರ ಕಡೆ ಹೋದದ್ದಲ್ಲ. ಹಣ ಕೊಟ್ಟು ಕೊಂಡ ಇನ್ನೊಂದು ತಂತ್ರಾಂಶ ನನ್ನನ್ನು ಅಲ್ಲಿಗೆ ಅಟ್ಟಿತು.

ಕೊಂಡದ್ದರ ಹೆಸರು ಬೇಡ. ನೋಡಲು ಅಂದವಾಗಿಯೇ ಇತ್ತು. ತೆರೆಯ ಮೇಲೆ ಆರು ತಂತಿಗಳ ಚೌಕಳಿ, ಒತ್ತಿದಲ್ಲಿ ಚುಕ್ಕಿ, ತಂತಿಯ ತಲೆಯ ಮೇಲೆ ಒಮ್ಮೆ ಒತ್ತಿದರೆ ಸೊನ್ನೆ (ಬೆರಳಿಡದೆ ಖಾಲಿ ನುಡಿಸಬೇಕು), ಮತ್ತೊಮ್ಮೆ ಒತ್ತಿದರೆ ಗುಣಾಕಾರದ ಗುರುತು (ನುಡಿಸಲೇಬಾರದು). ಸಿ ಕಾರ್ಡ್ ಅರ್ಧ ನಿಮಿಷದಲ್ಲಿ ಮುಗಿಯಿತು. ಖುಷಿಯಿಂದ ಜಿ ಕಾರ್ಡಿಗೆ ಕೈ ಹಾಕಿದೆ. ಆರನೆಯ ತಂತಿಗೆ ಮೂರನೆಯ ಫ್ರೆಟ್ (ಗಿಟಾರಿನ ಕತ್ತಿನ ಮೇಲೆ ಅಡ್ಡ ಪಟ್ಟಿಗಳು ಭಾಗಿಸುವ ಮನೆ), ಐದನೆಯದಕ್ಕೆ ಎರಡು, ನಡುವಿನ ಮೂರೂ ತಂತಿ ಖಾಲಿ, ಒಂದನೆಯದಕ್ಕೆ ಮತ್ತೆ ಮೂರು. ಕೊನೆಯ ಚುಕ್ಕಿ ಇಟ್ಟದ್ದೇ ತಡ, ಮೂರನೆಯ ಫ್ರೆಟ್ಟಿನಲ್ಲಿ ಆರನೆಯ ತಂತಿಯಿಂದ ಒಂದನೆಯದರವರೆಗೆ ದಪ್ಪ ಗೆರೆಯೊಂದು ತಾನಾಗಿಯೇ ಬಂದು ಮಲಗಿತು.

ಬಾರ್ ಗೆರೆ! ಒಂದೇ ಫ್ರೆಟ್ಟಿನಲ್ಲಿ ಎರಡು ಚುಕ್ಕಿ ಕಂಡರೆ ಒಂದು ಬೆರಳು ಅಡ್ಡ ಮಲಗಿದೆ ಎಂದು ಅದು ಊಹಿಸುತ್ತಿತ್ತು. ಆ ಗೆರೆಯನ್ನು ನಂಬಿದವರು ತೋರುಬೆರಳನ್ನು ಆರೂ ತಂತಿಗಳ ಮೇಲೆ ಒತ್ತಬೇಕು. ಒತ್ತಿದರೆ ಖಾಲಿ ನುಡಿಯಬೇಕಾದ ಮೂರು ತಂತಿಗಳು ಖಾಲಿಯಾಗಿ ಉಳಿಯುವುದಿಲ್ಲ, ಎರಡನೆಯ ಫ್ರೆಟ್ಟಿನ ಚುಕ್ಕಿ ಇದ್ದೂ ಇಲ್ಲದಂತಾಗುತ್ತದೆ. ಗೆರೆಯನ್ನು ಅಳಿಸಿದೆ, ಹೋಯಿತು. ಪಕ್ಕದ ಚುಕ್ಕಿಯೊಂದನ್ನು ತಿದ್ದಿದೆ, ಗೆರೆ ಮತ್ತೆ ಹಾಜರು. ಇ ಮೈನರ್, ಎ ಮೈನರ್, ಎ, ಡಿ, ಹೀಗೆ ಹೊಸಬರಿಗೆ ಮೊದಲ ತಿಂಗಳು ಕಲಿಸುವ ಕಾರ್ಡ್‌ಗಳಲ್ಲಿ ಹೆಚ್ಚಿನವಕ್ಕೆ ಇದೇ ಗತಿ. ಕೊನೆಗೆ ಒಂದು ಚುಕ್ಕಿಯನ್ನು ಚೌಕಳಿಯಲ್ಲಿ ಇಡದೆ ಅಕ್ಷರ ಬರೆಯುವ ಸಲಕರಣೆಯಿಂದ ಅಂಟಿಸಿದೆ. ಪುಟದ ಅಗಲ ಬದಲಿಸಿದಾಗ ಆ ಚುಕ್ಕಿ ಚಿತ್ರವನ್ನು ಬಿಟ್ಟು ಪಕ್ಕದ ಸ್ವರದ ತಲೆಯ ಮೇಲೆ ಹೋಗಿ ಕುಳಿತಿತ್ತು. ನಾನು ಅದನ್ನು ಗಮನಿಸಿದ್ದು ಮುದ್ರಿಸಿ ಹಂಚಿದ ಮೇಲೆ.

ಸಿಟ್ಟು ಇಳಿದ ಮೇಲೆ ಯೋಚಿಸಿದೆ: ಊಹೆಯನ್ನು ಸರಿಪಡಿಸಬಹುದೇ? ಅರ್ಧ ಸರಿಪಡಿಸಬಹುದು. ಗೆರೆಯ ಕೆಳಗೆ ಬರುವ ಯಾವ ತಂತಿಯೂ ಖಾಲಿ ಇರಬಾರದು, ಗೆರೆಗಿಂತ ಹಿಂದಿನ ಫ್ರೆಟ್ಟಿನಲ್ಲಿ ಚುಕ್ಕಿಯೂ ಇರಬಾರದು. ಇಷ್ಟು ನೋಡಿದರೆ ಜಿ ಪಾರಾಗುತ್ತದೆ, 1-3-3-2-1-1 (ಆರನೆಯ ತಂತಿಯಿಂದ ಒಂದನೆಯದರವರೆಗಿನ ಫ್ರೆಟ್‌ಗಳು) ಎಂಬ ಎಫ್ ಕಾರ್ಡಿಗೆ ಗೆರೆ ಉಳಿಯುತ್ತದೆ. ಆದರೆ ಡಿ ಕಾರ್ಡ್? ಮೂರನೆಯ ಮತ್ತು ಒಂದನೆಯ ತಂತಿಗೆ ಎರಡನೆಯ ಫ್ರೆಟ್, ನಡುವಿನದಕ್ಕೆ ಮೂರನೆಯದು. ಮೂರು ಬೆರಳಿನಲ್ಲಿ ಹಿಡಿಯುವವರೇ ಹೆಚ್ಚು. ತೋರುಬೆರಳು ಮಲಗಿಸಿ ಎರಡರಲ್ಲಿ ಹಿಡಿಯುವವರೂ ಇದ್ದಾರೆ. ಚುಕ್ಕಿಗಳು ಎರಡಕ್ಕೂ ಒಂದೇ. ಚುಕ್ಕಿ ನೋಡಿ ಬೆರಳು ಹೇಳಲು ಸಾಧ್ಯವಿಲ್ಲ, ಬೆರಳನ್ನು ಕೇಳಲೇಬೇಕು. ನನ್ನ ಕೈಗೆ ಕೊಟ್ಟಿದ್ದರೆ ಪ್ರತಿ ಚುಕ್ಕಿಗೂ ಬೆರಳಿನ ಅಂಕಿ ಕೇಳುತ್ತಿದ್ದೆ. ಒಂದೇ ಫ್ರೆಟ್ಟಿನ ಎರಡು ಚುಕ್ಕಿಗೆ ಒಂದೇ ಅಂಕಿ ಬಂದರೆ ಮಾತ್ರ ಗೆರೆ. ತಂತ್ರಾಂಶಗಳ ನಡುವೆ ಸಂಗೀತ ಸಾಗಿಸುವ ಮ್ಯೂಸಿಕ್‌ಎಕ್ಸ್‌ಎಂಎಲ್ ಕೂಡ ಬಾರ್ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದನ್ನು ಬೇರೆಯಾಗಿಯೇ ಬರೆದಿಡುತ್ತದೆ.

ಲಿಲಿಪಾಂಡ್ ಊಹಿಸುವ ಗೋಜಿಗೇ ಹೋಗುವುದಿಲ್ಲ. ಅಲ್ಲಿ ಚೌಕಳಿಯೂ ಇಲ್ಲ, ಮೌಸಿಗೆ ಕೆಲಸವೂ ಇಲ್ಲ, ಅಕ್ಷರದಲ್ಲಿ ಬರೆಯಬೇಕು. 5-3-3 ಎಂದರೆ ಐದನೆಯ ತಂತಿ, ಮೂರನೆಯ ಫ್ರೆಟ್, ಮೂರನೆಯ ಬೆರಳು. ಬಾರ್ ಬೇಕಿದ್ದರೆ ಇಂಗ್ಲಿಷಿನ ಸಿ ಅಕ್ಷರ ಮತ್ತು ಕೋಲನ್ ಗುರುತು ಹಾಕಿ c:6-1-1 ಎನ್ನಬೇಕು: ಆರನೆಯ ತಂತಿಯಿಂದ ಒಂದನೆಯದರವರೆಗೆ, ಒಂದನೆಯ ಫ್ರೆಟ್ಟಿನಲ್ಲಿ. ಹೇಳದಿದ್ದರೆ ಗೆರೆ ಇಲ್ಲ. ಸಾಮಾನ್ಯ ಕಾರ್ಡ್‌ಗಳ ಸಿದ್ಧ ಕಡತವೊಂದು ಜೊತೆಯಲ್ಲೇ ಬರುತ್ತದೆ, ನಮ್ಮದೇ ಆಕಾರವನ್ನೂ ಕೂಡಿಸಿಡಬಹುದು. ನನ್ನ ಜಿ ಕಾರ್ಡನ್ನು ಒಮ್ಮೆ ಬರೆದಿಟ್ಟೆ, ಆಮೇಲೆ ಮುಟ್ಟಿಲ್ಲ.

ಕಷ್ಟವಿಲ್ಲವೆಂದಲ್ಲ. ಬರೆದದ್ದು ಚಿತ್ರವಾಗಿ ಕಾಣಬೇಕಾದರೆ ಪ್ರತಿ ಸಲ ಓಡಿಸಿ ನೋಡಬೇಕು. ತಂತಿ ಮತ್ತು ಫ್ರೆಟ್ ಅದಲುಬದಲಾದರೆ 5-3 ಹೋಗಿ 3-5 ಆಗುತ್ತದೆ, ಅದೂ ಒಪ್ಪುವ ಬರಹವೇ ಆದ್ದರಿಂದ ಯಾರೂ ಎಚ್ಚರಿಸುವುದಿಲ್ಲ. ಮೊದಲ ವಾರ ನಾನು ಇದನ್ನೇ ಮಾಡುತ್ತಿದ್ದೆ.

ಮ್ಯೂಸ್‌ಸ್ಕೋರನ್ನೂ ಕೆಲವು ದಿನ ಬಳಸಿದೆ. ಅದೂ ಉಚಿತ, ಅಲ್ಲಿ ಚೌಕಳಿ ಇದೆ, ಬಾರ್ ನಾವು ಹಾಕಿದರೆ ಮಾತ್ರ ಬರುತ್ತದೆ. ಬರೆದು ಓಡಿಸುವ ಕೆಲಸಕ್ಕೆ ಹೆದರುವವರಿಗೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ನಾನು ಅಲ್ಲಿ ನಿಲ್ಲದಿದ್ದದ್ದು ನನ್ನ ಚಟದಿಂದ: ಹಾಡಿನ ಸಾಹಿತ್ಯವನ್ನು ಟೈಪ್ ಮಾಡುವಾಗಲೇ ಕಾರ್ಡನ್ನೂ ಟೈಪ್ ಮಾಡಿಬಿಡಬೇಕು, ಕೈ ಕೀಲಿಮಣೆಯನ್ನು ಬಿಡಬಾರದು.

ಮುದ್ರಣದ ಅಂದದಲ್ಲಿ ಮೂರೂ ಸೈ. ಪಾಠಕ್ಕೆ ಸಾಕಾಗುವಷ್ಟು ಮೂರರಲ್ಲೂ ಇದೆ ಎಂದಾದಾಗ ಹಣ ಕೊಡಬೇಕಾದದ್ದನ್ನು ಮತ್ತೊಂದು ವರ್ಷಕ್ಕೆ ನವೀಕರಿಸಲು ನನ್ನ ಜೇಬು ಒಪ್ಪಲಿಲ್ಲ.

ಅವಧಿ ಮುಗಿಯುವವರೆಗೆ ಅದು ಕಂಪ್ಯೂಟರಿನಲ್ಲಿ ಇರುತ್ತದೆ. ಮೊನ್ನೆ ಹೊಸಬರೊಬ್ಬರು ಕಲಿಯಲು ಬಂದರು. ಡಿ ಕಾರ್ಡನ್ನು ತೋರುಬೆರಳು ಮಲಗಿಸಿಯೇ ಹಿಡಿಯುತ್ತಾರೆ. ಅವರಿಗೆ ಮಾತ್ರ ಚಿತ್ರವನ್ನು ಅದರಲ್ಲೇ ಬರೆದು ಕೊಟ್ಟೆ.